ಅಪ್ಪನ ಕೆಮ್ಮಿಗೆ ದೊಡ್ಡಪತ್ರೆ

ಮ್ಯೂನಿಕ್, ಜರ್ಮನಿ

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಮೂಡಿಗೆರೆಯಲ್ಲಿ ಮಳೆ ಹಿಡಿದು ಕೂತಿದೆ, ಅಪ್ಪನಿಗೆ ಮತ್ತೆ ಕೆಮ್ಮು ಅಂದೆಯಲ್ಲ, ಅವತ್ತಿನಿಂದ ಅದೇ ಯೋಚನೆ.

ಹೋದ ವಾರ ನನಗೂ ನೆಗಡಿಯಾಗಿ ಎದೆಯಲ್ಲಿ ಕಫ ಕಟ್ಟಿತ್ತು. ಪಕ್ಕದ ಮನೆ ಅಜ್ಜಿ ಬಾಲ್ಕನಿಯ ಕುಂಡದಿಂದ ನಾಲ್ಕು ಕಡ್ಡಿ ಸೊಪ್ಪು ಕಿತ್ತು ತಂದರು. ಥೈಮ್ ಅಂತ, ಇಲ್ಲಿನ ಅಡುಗೆಗೆ ದಿನವೂ ಬೇಕು. ಎಲೆ ಎಳ್ಳಿಗಿಂತ ಚೂರು ದೊಡ್ಡದು ಅಷ್ಟೆ. ಉಜ್ಜಿ ಮೂಸಿದೆ. ಅಮ್ಮಾ, ನಮ್ಮ ಬಚ್ಚಲ ಹಿಂದಿನ ದೊಡ್ಡಪತ್ರೆಯದೇ ವಾಸನೆ! ಜೊತೆಗೆ ಓಂಕಾಳಿನ ಘಾಟು. ಕಡ್ಡಿ ಕೈಯಲ್ಲೇ ಹಿಡಿದು ಸುಮ್ನೆ ಕೂತುಬಿಟ್ಟೆ.

ಆಮೇಲೆ ಓದಿ ನೋಡಿದೆ. ಥೈಮ್, ದೊಡ್ಡಪತ್ರೆ, ತುಳಸಿ, ಪುದೀನ ಎಲ್ಲ ಒಂದೇ ಕುಟುಂಬದ ಗಿಡಗಳು. ಥೈಮಿನ ಘಾಟಿಗೆ ಕಾರಣ ಅದರ ಎಣ್ಣೆಯಲ್ಲಿರುವ ಥೈಮಾಲ್ ಅನ್ನುವ ಅಂಶ. ಓಂಕಾಳಿನಲ್ಲೂ ಅದೇ ಜಾಸ್ತಿ. ದೊಡ್ಡಪತ್ರೆಯಲ್ಲಿ ಥೈಮಾಲ್ ಜೊತೆಗೆ ಅದರ ದಾಯಾದಿ ಕಾರ್ವಕ್ರಾಲ್ ಕೂಡ ಇದೆ. ಇಲ್ಲಿ ಕಫದ ಕೆಮ್ಮಿಗೆ ಥೈಮ್ ಸಿರಪ್ ಔಷಧಿ ಅಂಗಡಿಯಲ್ಲೇ ಸಿಗುತ್ತದೆ.

ನಿನಗೆ ಹೇಳಲೇಬೇಕಾದದ್ದು ಇನ್ನೊಂದಿದೆ. ಅಜ್ಜಿ ಸೊಪ್ಪಿನ ಮೇಲೆ ಕುದಿಯುವ ನೀರು ಸುರಿದು, ತಟ್ಟೆ ಮುಚ್ಚಿ 10 ನಿಮಿಷ ಬಿಟ್ಟರು. ನಾನು ಇಣುಕಲು ಹೋದರೆ ಕೈ ಹಿಡಿದುಕೊಂಡರು. ತೆರೆದರೆ ಘಮವೆಲ್ಲ ಆವಿಯ ಜೊತೆ ಹೋಗುತ್ತದೆ, ಗುಣ ಇರುವುದೇ ಆ ಘಮದಲ್ಲಿ ಅಂದರು. ನೀನು ಕಷಾಯ ಕುದಿಸಿದರೆ ನಡುಮನೆಯವರೆಗೂ ದೊಡ್ಡಪತ್ರೆ ವಾಸನೆ ಬರುತ್ತಿತ್ತು, ಅಲ್ವಾ? ಅಷ್ಟೂ ಅಪ್ಪನ ಲೋಟದಿಂದ ಹೋದದ್ದು. ಇನ್ನು ಮೇಲೆ ಜೀರಿಗೆ, ಮೆಣಸು ಮೊದಲು ಕುದಿಸಿಕೋ. ಒಲೆ ಆರಿಸಿದ ಮೇಲೆ ಸೊಪ್ಪು ಹರಿದು ಹಾಕಿ, ತಕ್ಷಣ ಮುಚ್ಚು. ತಂಬುಳಿ ಎಂದಿನಂತೆ ಮಾಡು, ಅದರ ರುಚಿಗೆ ಕೈ ಹಚ್ಚಬೇಡ.

ಅಪ್ಪನಿಗೆ ಜೇನುತುಪ್ಪ ಬೆರೆಸಿ ಕೊಡು. ಅಕ್ಕನ ಮಗುವಿಗೆ ಮಾತ್ರ ವರ್ಷ ತುಂಬುವವರೆಗೆ ಜೇನು ನೆಕ್ಕಿಸಲೇಬೇಡಿ, ಯಾರು ಎಷ್ಟು ಹೇಳಿದರೂ.

ಕಷಾಯದಿಂದ ಗಂಟಲಿಗೆ ಹಿತವಾಗುತ್ತದೆ, ಕಫ ಸಡಿಲವಾಗುತ್ತದೆ. ಎಲ್ಲ ಕೆಮ್ಮೂ ಅದಕ್ಕೆ ಬಗ್ಗುವುದಿಲ್ಲ. ಎರಡು ವಾರ ದಾಟಿದರೆ, ಜ್ವರವೋ ಉಬ್ಬಸವೋ ಬಂದರೆ, ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ತೋಟದ ಕೆಲಸ ಒಂದು ದಿನ ಕಾಯಲಿ.

ಭಾನುವಾರ ಫೋನ್ ಮಾಡುತ್ತೇನೆ. ‘ಪರವಾಗಿಲ್ಲ’ ಅಂತ ನೀನೇ ಹೇಳಿ ಇಡಬೇಡ. ಅಪ್ಪನ ಕೈಗೆ ಕೊಡು, ಕೆಮ್ಮು ಹೇಗಿದೆ ಅಂತ ನಾನೇ ಕೇಳಿಸಿಕೊಳ್ಳಬೇಕು.

ನಿನ್ನ ಮಗಳು