ಕಿಲೋಮೀಟರ್ ಎಣಿಸಬೇಡ ಸೀನ, ನಿಂತದ್ದನ್ನು ಎಣಿಸು

ಪ್ರಿಯ ಸೀನ,

ಹಾಸನದ ವಿದ್ಯಾನಗರದ ನಿನ್ನ ಮನೆಯಿಂದ ಕೆಲಸದ ಕೈಗಾರಿಕಾ ಪ್ರದೇಶಕ್ಕೆ ಎಂಟು ಕಿಲೋಮೀಟರ್. ಬೈಕ್ ಕೊಂಡು ಎರಡು ವರ್ಷ, ಮೀಟರಿನಲ್ಲಿ ಇನ್ನೂ ಹತ್ತು ಸಾವಿರ ತುಂಬಿಲ್ಲ. ಅಷ್ಟರಲ್ಲೇ ಕ್ಲಚ್ ಪ್ಲೇಟ್ ಹೋಗಿದೆ ಅಂತ ಗ್ಯಾರೇಜಿನವನು ಹೇಳುತ್ತಾನೆ, ಮೈಲೇಜು ಅರವತ್ತರಿಂದ ನಲವತ್ತೈದಕ್ಕೆ ಇಳಿದಿದೆ, ಇವನು ಟೋಪಿ ಹಾಕುತ್ತಿದ್ದಾನಾ ಅಂತ ನಿನ್ನ ಅನುಮಾನ. ಹಾಕುತ್ತಿರಲೂಬಹುದು. ಆದರೆ ಅವನು ನಿಜ ಹೇಳುತ್ತಿರುವ ಸಂಭವವೂ ಅಷ್ಟೇ ಇದೆ. ಯಾಕೆ ಅಂತ ಬಿಡಿಸಿ ಬರೆಯುತ್ತೇನೆ, ಉದ್ದವಾದರೆ ಬೇಜಾರು ಮಾಡಿಕೊಳ್ಳಬೇಡ.

ನಾಳೆ ಕೆಲಸಕ್ಕೆ ಹೋಗುವಾಗ ಎಷ್ಟು ಸಲ ಕಾಲು ನೆಲಕ್ಕೆ ಊರಿದೆ ಅಂತ ಎಣಿಸು. ಸಾಲಗಾಮೆ ರಸ್ತೆಯ ಕಾಲೇಜು ಹುಡುಗರು, ಎನ್.ಆರ್. ವೃತ್ತ, ಹೊಸ ಬಸ್ ನಿಲ್ದಾಣದಿಂದ ಮೂತಿ ಹೊರಗೆ ಹಾಕುವ ಕೆಂಪು ಬಸ್ಸುಗಳು, ಡೈರಿ ವೃತ್ತ, ನಡುನಡುವೆ ಹಂಪುಗಳು. ಮೂವತ್ತು ಸಲ ಅಂತ ಇಟ್ಟುಕೋ. ಹೋಗಿ ಬಂದರೆ ಅರವತ್ತು, ತಿಂಗಳಲ್ಲಿ 25 ದಿನಕ್ಕೆ 1,500, ಎರಡು ವರ್ಷಕ್ಕೆ 36,000. ಅಷ್ಟು ಸಲ ನಿಂತ ಗಾಡಿಯನ್ನು ಕ್ಲಚ್ ಎಬ್ಬಿಸಿ ಓಡಿಸಿದೆ. ಇದೇ ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆ ಹಿಡಿದು ಬೆಂಗಳೂರಿಗೆ ಹೋದರೆ 180ಕ್ಕೂ ಮಿಕ್ಕಿದ ಕಿಲೋಮೀಟರ್. ನೆಲಮಂಗಲ ಮುಟ್ಟುವವರೆಗೆ ಇಪ್ಪತ್ತು ಸಲ ನಿಲ್ಲಿಸಿದರೆ ಹೆಚ್ಚು. ಮೀಟರಿನ ಪ್ರಕಾರ ನಿನ್ನದು ಹೊಸ ಗಾಡಿ, ಕ್ಲಚ್ಚಿನ ಪ್ರಕಾರ ಅಲ್ಲ.

ಎಂಜಿನ್ನನ್ನು ಚಕ್ರಕ್ಕೆ ಕೂಡಿಸುವುದು, ಬಿಡಿಸುವುದು ಕ್ಲಚ್. ಎಡಗೈಯ ಲಿವರ್ ಪೂರ್ತಿ ಹಿಡಿದಾಗಲೂ ಅದು ಅಷ್ಟಾಗಿ ಸವೆಯುವುದಿಲ್ಲ, ಪೂರ್ತಿ ಬಿಟ್ಟಾಗಲೂ ಇಲ್ಲ. ಸವೆಯುವುದು ಎರಡರ ನಡುವೆ, ನಾವು ಹಾಫ್ ಕ್ಲಚ್ ಅನ್ನುವ ಜಾಗದಲ್ಲಿ. ಒಳಗೆ ಫೈಬರ್ ಪ್ಲೇಟು, ಉಕ್ಕಿನ ಪ್ಲೇಟು ಒಂದರ ಪಕ್ಕ ಒಂದು ಜೋಡಿಸಿ ಎಂಜಿನ್ ಆಯಿಲಿನಲ್ಲೇ ಮುಳುಗಿಸಿಟ್ಟಿರುತ್ತಾರೆ. ಹಾಫ್ ಕ್ಲಚ್ಚಿನಲ್ಲಿ ಅವು ಒಂದರ ಮೇಲೊಂದು ಉಜ್ಜಿಕೊಳ್ಳುತ್ತವೆ, ಕಾಯುತ್ತವೆ, ಫೈಬರ್ ಪುಡಿಯಾಗಿ ಆಯಿಲಿಗೆ ಸೇರುತ್ತದೆ. ಬಸ್ಸಿನ ಹಿಂದೆ ಅಡಿ ಅಡಿ ಜರುಗುವಾಗ ಎಲ್ಲರೂ ಮಾಡುವುದು ಇದನ್ನೇ. ಅದರ ಬದಲು ಮುಂದೆ ಒಂದು ಬೈಕಿನ ಉದ್ದ, ಸಾಧ್ಯವಾದರೆ ಎರಡು ಬೈಕಿನ ಉದ್ದ ಜಾಗ ಬಿಡು. ಜಾಗ ಆದಮೇಲೆ ಒಂದನೇ ಗೇರಿನಲ್ಲಿ ಲಿವರ್ ಪೂರ್ತಿ ಬಿಟ್ಟು, ಎಕ್ಸಿಲರೇಟರ್ ಮುಟ್ಟದೆ ನಡಿಗೆಯ ವೇಗದಲ್ಲಿ ಹೋಗು. ಖಾಲಿ ಜಾಗಕ್ಕೆ ಆಟೋದವನು ನುಗ್ಗುತ್ತಾನೆ, ನಿಜ. ನುಗ್ಗಲಿ ಬಿಡು, ಅವನು ನುಗ್ಗಿದ್ದರಿಂದ ನೀನು ತಡವಾಗುವುದು ನಾಲ್ಕು ಸೆಕೆಂಡು. ನಿಲ್ಲುವುದು ಹತ್ತು ಸೆಕೆಂಡಿಗಿಂತ ಹೆಚ್ಚು ಅನಿಸಿದರೆ ನ್ಯೂಟ್ರಲ್ ಮಾಡು, ಗೇರಿನಲ್ಲಿಟ್ಟು ಲಿವರ್ ಹಿಡಿದುಕೊಂಡು ನಿಲ್ಲಬೇಡ.

ಬಸ್ ನಿಲ್ದಾಣದ ಹತ್ತಿರದ ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ಸಾಲು ನಿಂತಾಗ ಗಾಡಿ ಹಿಂದಕ್ಕೆ ಜಾರದಂತೆ ಕ್ಲಚ್ಚಿನ ಮೇಲೇ ನಿಲ್ಲಿಸುವ ಚಾಳಿ ಬಹಳ ಜನಕ್ಕಿದೆ. ಪ್ಲೇಟಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಬಲಗಾಲಿನ ಬ್ರೇಕ್ ಒತ್ತಿ ನಿಲ್ಲಿಸು. ಹೊರಡುವಾಗ ಕ್ಲಚ್ ಕಚ್ಚಿ ಗಾಡಿಯ ಮುಂಭಾಗ ತುಸು ಎದ್ದಂತೆ ಆಗುತ್ತದಲ್ಲ, ಆಗ ಬ್ರೇಕ್ ಬಿಡು.

ಈಗ ಗ್ಯಾರೇಜಿನವನ ಮಾತು ನಿಜವೋ ಸುಳ್ಳೋ ಅನ್ನುವುದು. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 30ರ ವೇಗಕ್ಕೆ ಬಂದು ಎಕ್ಸಿಲರೇಟರ್ ಒಮ್ಮೆಲೇ ತಿರುಗಿಸು. ಎಂಜಿನ್ ಕೂಗು ಏರಿ, ವೇಗ ಮಾತ್ರ ಹಿಂದೆ ಉಳಿದರೆ ಕ್ಲಚ್ ಜಾರುತ್ತಿದೆ. ಹಾಗಂತ ಪ್ಲೇಟೇ ಹೋಗಿದೆ ಅಂತಲ್ಲ. ಮೊದಲು ನೋಡಬೇಕಾದ್ದು ಲಿವರಿನ ಲೂಸ್. ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಆಡಬೇಕು. ಪ್ಲೇಟ್ ಸವೆದ ಹಾಗೆಲ್ಲ ಈ ಲೂಸ್ ತಾನಾಗಿ ಕಡಿಮೆಯಾಗುತ್ತ ಬರುತ್ತದೆ. ಅದು ಸೊನ್ನೆಯಾದರೆ ಕೈ ಬಿಟ್ಟರೂ ಕೇಬಲ್ ಎಳೆದುಕೊಂಡೇ ಇರುತ್ತದೆ, ಅಂದರೆ ನೀನು ಇಡೀ ದಿನ ಗೊತ್ತಿಲ್ಲದೆ ಹಾಫ್ ಕ್ಲಚ್ಚಿನಲ್ಲಿ ಓಡಿಸುತ್ತಿರುತ್ತೀಯ. ಸರಿ ಮಾಡಲು ಎರಡು ಸ್ಪ್ಯಾನರ್, ಐದು ನಿಮಿಷ, ಕಾಸು ಬೇಕಿಲ್ಲ.

ಎರಡನೆಯದು ಆಯಿಲ್. ಗೇರ್ ಬೈಕಿಗೆ ಡಬ್ಬದ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಬರೆದಿರಲೇಬೇಕು. ಎಂಬಿ ಅಂತ ಇದ್ದರೆ ಅದು ಸ್ಕೂಟರಿನದು. ಸ್ಕೂಟರಿನ ಕ್ಲಚ್ ಆಯಿಲಿನಲ್ಲಿ ಮುಳುಗಿರುವುದಿಲ್ಲ, ಅದಕ್ಕೆ ನಡೆಯುತ್ತದೆ. ಕಾರಿನ ಎಷ್ಟೋ ಆಯಿಲುಗಳಲ್ಲೂ ಜಾರಿಕೆ ಹೆಚ್ಚಿಸುವ ಮಿಶ್ರಣ ಇರುತ್ತದೆ. ಅದನ್ನು ಬೈಕಿಗೆ ಸುರಿದರೆ ಎಂಜಿನ್ ನುಣ್ಣಗೆ ಓಡುತ್ತದೆ, ಕ್ಲಚ್ ಹಿಡಿಯುವುದಿಲ್ಲ. ಹಳೇ ಡಬ್ಬ ಬಿಸಾಡಿಲ್ಲದಿದ್ದರೆ ತಿರುಗಿಸಿ ನೋಡು. ಲೂಸ್ ಸರಿಯಿದೆ, ಆಯಿಲ್ ಸರಿಯಿದೆ, ಆದರೂ ಜಾರುತ್ತಿದೆ ಅಂದರೆ ಮಾತ್ರ ಪ್ಲೇಟ್ ಬಿಚ್ಚಿಸು. ಬಿಚ್ಚುವಾಗ ಎದುರಿಗೇ ನಿಲ್ಲು, ಹಳೇ ಪ್ಲೇಟ್ ಕೈಗೆ ತಗೋ. ಸುಟ್ಟ ವಾಸನೆ, ಫೈಬರಿನ ಮೇಲಿನ ತೋಡುಗಳು ಸವೆದು ಸಪಾಟಾಗಿರುವುದು, ಉಕ್ಕಿನ ಪ್ಲೇಟು ನೀಲಿಗಟ್ಟಿರುವುದು ಕಂಡರೆ ಅವನು ಹೇಳಿದ್ದು ಸತ್ಯ. ಉಕ್ಕಿನದು ನೀಲಿಯಾಗಿದ್ದರೆ ಫೈಬರ್ ಮಾತ್ರ ಬದಲಿಸಿ ಉಳಿಸಲು ಹೋಗಬೇಡ, ಕಾದು ಸೊಟ್ಟಗಾದ ಪ್ಲೇಟು ಹೊಸದನ್ನೂ ತಿನ್ನುತ್ತದೆ. ಒತ್ತುವ ಸ್ಪ್ರಿಂಗುಗಳನ್ನೂ ಆಗಲೇ ಬದಲಿಸಿಬಿಡು, ಪ್ಲೇಟಿನ ಮುಂದೆ ಅವುಗಳ ಬೆಲೆ ಏನೂ ಅಲ್ಲ.

ಆಯಿಲ್ ಬದಲಿಸುವ ಅವಧಿಯಲ್ಲೂ ಮೀಟರ್ ನಿನಗೆ ಮೋಸ ಮಾಡುತ್ತದೆ. ಎಂಟು ಕಿಲೋಮೀಟರಿಗೆ 27 ನಿಮಿಷ ಅಂದರೆ ಗಂಟೆಗೆ 18ರ ಸರಾಸರಿ. ಈ ಲೆಕ್ಕದಲ್ಲಿ 3,000 ಕಿಲೋಮೀಟರ್ ಆಗುವಷ್ಟರಲ್ಲಿ ಎಂಜಿನ್ ಸುಮಾರು 167 ಗಂಟೆ ಓಡಿರುತ್ತದೆ. 50ರ ಸರಾಸರಿಯಲ್ಲಿ ಹೆದ್ದಾರಿ ಓಡಿಸುವವನಿಗೆ ಅಷ್ಟೇ ದೂರಕ್ಕೆ 60 ಗಂಟೆ ಸಾಕು. ನಿನ್ನದು ತಿಂಗಳಿಗೆ 400 ಕಿಲೋಮೀಟರ್, 6,000 ಆಗುವವರೆಗೆ ಕಾದರೆ ಹದಿನೈದು ತಿಂಗಳು. ಕಾಯಬೇಡ, ಆರು ತಿಂಗಳಿಗೊಮ್ಮೆ ಬದಲಿಸು. ಇನ್ನೊಂದು ವಿಷಯ: ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಆವಿಯಾಗಿ ಸೈಲೆನ್ಸರಿನಿಂದ ಹೋಗುತ್ತದೆ, ಆದರೆ ಎಂಜಿನ್ ತಣ್ಣಗಿದ್ದಾಗ ಸ್ವಲ್ಪ ಒಳಗೆ ನುಸುಳಿ ಆಯಿಲಿಗೆ ಸೇರುತ್ತದೆ. ನಮ್ಮೂರನ್ನು ಬಡವರ ಊಟಿ ಅಂತ ಸುಮ್ಮನೆ ಕರೆದಿಲ್ಲವಲ್ಲ. ಡಿಸೆಂಬರ್ ಬೆಳಿಗ್ಗೆ ಆಫೀಸಿನ ಎಂಟು ಕಿಲೋಮೀಟರಿಗೆ ಎಂಜಿನ್ ಚೆನ್ನಾಗಿ ಕಾದು ಆ ನೀರು ಆರುತ್ತದೆ. ಹಾಲಿಗೆ, ಕೊತ್ತಂಬರಿ ಸೊಪ್ಪಿಗೆ ಅಂತ ಅರ್ಧ ಕಿಲೋಮೀಟರ್ ಹೋಗಿ ಬರುತ್ತೀಯಲ್ಲ, ಅಲ್ಲಿ ಆರುವುದಿಲ್ಲ. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆ ಕಂಡರೆ ಅದೇ ಇದು. ಹಾಲಿಗೆ ನಡೆದುಕೊಂಡು ಹೋಗು.

ಮೈಲೇಜಿಗೆ ಬರೋಣ. ಮೊದಲು ಅಳೆಯುವುದನ್ನು ಸರಿಮಾಡು. ನೂರು ರೂಪಾಯಿಯದು ಹಾಕಿಸಿ ಮುಳ್ಳು ನೋಡಿ ಹೇಳುವುದು ಲೆಕ್ಕವಲ್ಲ. ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, 200 ಕಿಲೋಮೀಟರಿಗೆ ಕಡಿಮೆಯಿಲ್ಲದೆ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸು. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸು. ಇನ್ನು ಮೈಲೇಜು ಎಲ್ಲಿ ಹೋಗುತ್ತದೆ ಅಂತ ನೋಡು: ಗಾಡಿಯನ್ನು 20ರ ವೇಗಕ್ಕೆ ತರುವ ಶಕ್ತಿಯ ನಾಲ್ಕು ಪಟ್ಟು 40ಕ್ಕೆ ಬೇಕು, ಆ ಅಷ್ಟನ್ನೂ ಮುಂದಿನ ಬ್ರೇಕಿನಲ್ಲಿ ಶಾಖವಾಗಿ ಸುಟ್ಟುಬಿಡುತ್ತೀಯ. ಇನ್ನೂರು ಮೀಟರ್ ಮುಂದೆ ಸಾಲು ನಿಂತಿರುವುದು ಕಾಣುತ್ತಿದ್ದರೂ ಅಲ್ಲಿಯವರೆಗೆ ರೊಯ್ಯನೆ ಹೋಗಿ ಬ್ರೇಕ್ ಹೊಡೆಯುವುದರಿಂದ ಪೆಟ್ರೋಲೂ ಹೋಯಿತು, ಬ್ರೇಕ್ ಶೂವೂ ಹೋಯಿತು. ಎಕ್ಸಿಲರೇಟರ್ ಬಿಟ್ಟು ಉರುಳಿಸಿಕೊಂಡು ಹೋದರೆ ಎಷ್ಟೋ ಸಲ ನೀನು ತಲುಪುವಷ್ಟರಲ್ಲಿ ಸಾಲು ಹೊರಟಿರುತ್ತದೆ, ಕಾಲು ಊರುವುದೇ ತಪ್ಪುತ್ತದೆ.

ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಗಾಡಿ ಓಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಿಸು. ನೂರು ಸಿಸಿ ಬೈಕುಗಳಿಗೆ ಸಾಮಾನ್ಯವಾಗಿ ಮುಂದೆ 25, ಹಿಂದೆ 28 ಪಿಎಸ್‌ಐ ಆಸುಪಾಸು, ಹಿಂದೆ ಜನ ಕೂತರೆ ಹಿಂಬದಿಗೆ ಇನ್ನೂ ಹೆಚ್ಚು. ನಿನ್ನ ಗಾಡಿಯದು ಕೈಪಿಡಿಯಲ್ಲಿದೆ. ಚೈನನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಡುವೆ ಬೆರಳಿನಿಂದ ಎತ್ತಿ ಇಳಿಸಿದರೆ 20ರಿಂದ 30 ಮಿಲಿಮೀಟರ್ ಆಡಬೇಕು. ಚಕ್ರ ತಿರುಗಿಸಿ ನಾಲ್ಕು ಕಡೆ ನೋಡು, ಎಲ್ಲಿ ಹೆಚ್ಚು ಬಿಗಿ ಇದೆಯೋ ಅಲ್ಲಿಯ ಅಳತೆ ಲೆಕ್ಕಕ್ಕೆ. ಐನೂರು ಕಿಲೋಮೀಟರಿಗೊಮ್ಮೆ 90 ನಂಬರಿನ ಗೇರ್ ಆಯಿಲ್ ಸವರು, ಹಳೇ ಎಂಜಿನ್ ಆಯಿಲ್ ಬೇಡ. ಹಿಂದಿನ ಬ್ರೇಕ್ ಡ್ರಮ್ಮಿನ ಮೇಲೆ ಒಂದು ಬಾಣದ ಗುರುತಿದೆ. ಬ್ರೇಕ್ ಪೂರ್ತಿ ಒತ್ತಿದಾಗ ಅದು ಪಕ್ಕದ ಗೆರೆ ಮುಟ್ಟಿದರೆ ಶೂ ಮುಗಿದಿದೆ ಅಂತ ಅರ್ಥ.

ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಮಾಡಬೇಕಾ ಅಂತ ಕೇಳಿದ್ದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ಮಾಡು. ಆದರೆ ಪ್ರತಿ ಸಲ ಸೆಲ್ಫ್ ಒತ್ತುವಾಗ ಬ್ಯಾಟರಿ ನೆನಪಿರಲಿ. 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯುತ್ತದೆ, ನಿಂತಲ್ಲಿ ಎಂಜಿನ್ ನಿಧಾನಕ್ಕೆ ಓಡುವಾಗ ಚಾರ್ಜ್ ಆಗುವುದು ಕಡಿಮೆ. ಬೆಳಿಗ್ಗೆಯ ಮೊದಲ ಸ್ಟಾರ್ಟ್ ಕಿಕ್ಕರಿನಿಂದ ಮಾಡು. ರಾತ್ರಿಯಿಡೀ ನಿಂತ ಬ್ಯಾಟರಿ ವೋಲ್ಟ್ ಮೀಟರಿನಲ್ಲಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2ಕ್ಕೆ ಬಂದರೆ ಅರ್ಧ ಖಾಲಿ.

ಕೈ ನೋವಿನ ಬಗ್ಗೆ ಬರೆದಿದ್ದೀಯ. ಲಿವರ್ ಎತ್ತರದಲ್ಲಿ ನಿಂತಿದ್ದರೆ ಪ್ರತಿ ಸಲ ಮಣಿಕಟ್ಟು ಮೇಲಕ್ಕೆ ಮಡಚುತ್ತದೆ. ಸೀಟಿನಲ್ಲಿ ಕೂತು ಬೆರಳು ಚಾಚಿದರೆ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರುವ ಹಾಗೆ, ಹಿಡಿಕೆಯ ಬೋಲ್ಟ್ ಸಡಿಲಿಸಿ ಲಿವರನ್ನು ಕೆಳಕ್ಕೆ ತಿರುಗಿಸಿ ಮತ್ತೆ ಬಿಗಿ ಮಾಡು.

ರಸ್ತೆಯ ಮೇಲಿನ ಮಾತು ಒಂದಿಷ್ಟು ಹೇಳುತ್ತೇನೆ. ನಿಂತ ಬಸ್ಸನ್ನು ಎಡಗಡೆಯಿಂದ ದಾಟಬೇಡ, ಬಾಗಿಲಿರುವುದು ಆ ಕಡೆ. ಬಸ್ಸಿನ ಕನ್ನಡಿಯಲ್ಲಿ ಡ್ರೈವರಿನ ಮುಖ ನಿನಗೆ ಕಾಣದಿದ್ದರೆ ಅವನಿಗೆ ನೀನೂ ಕಾಣುತ್ತಿಲ್ಲ. ಆಟೋ ಎತ್ತ ತಿರುಗುತ್ತದೆ ಅಂತ ತಿಳಿಯಲು ಇಂಡಿಕೇಟರ್ ನೋಡಬೇಡ, ಮುಂದಿನ ಚಕ್ರ ನೋಡು. ಫುಟ್‌ಪಾತಿನಲ್ಲಿ ಯಾರಾದರೂ ಕೈ ಎತ್ತಿದ್ದಾರಾ ನೋಡು. 40ರ ವೇಗದಲ್ಲಿ ಒಂದು ಸೆಕೆಂಡಿಗೆ 11 ಮೀಟರ್ ಹೋಗಿರುತ್ತೀಯ, ಬ್ರೇಕ್ ಒತ್ತಬೇಕು ಅಂತ ತೋಚುವುದಕ್ಕೇ ಅಷ್ಟು ಬೇಕು. ಜೂನಿನ ಸೋನೆ ಶುರುವಾದ ಮೊದಲ ಹತ್ತು ಹದಿನೈದು ನಿಮಿಷ ಧೂಳು ಆಯಿಲ್ ಸೇರಿ ರಸ್ತೆ ಜಾರುವುದು ಜೋರು ಮಳೆಗಿಂತ ಹೆಚ್ಚು. ಆಗ ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಸೇತುವೆಯ ಕಬ್ಬಿಣದ ಸಂದುಗಳ ಮೇಲೆ ಬ್ರೇಕ್ ಹಿಡಿಯಬೇಡ.

ಊರು ಬಳಸಿಕೊಂಡು ರಿಂಗ್ ರಸ್ತೆ ಕಡೆಯಿಂದ ಹೋದರೆ ದೂರ ಎರಡು ಮೂರು ಕಿಲೋಮೀಟರ್ ಜಾಸ್ತಿಯಾಗಬಹುದು. ಒಂದು ವಾರ ಆ ದಾರಿಯಲ್ಲೂ ಕಾಲು ಊರಿದ್ದನ್ನು ಎಣಿಸು. ಮೂವತ್ತು ಹೋಗಿ ಹನ್ನೆರಡಾದರೆ ಉದ್ದದ ದಾರಿಯೇ ಅಗ್ಗ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಂತೂ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರದಿಂದ ಬಲಿಪಾಡ್ಯಮಿ ಮುಗಿಯುವ ತನಕ, ಯೋಚನೆ ಮಾಡದೆ ಅದನ್ನೇ ಹಿಡಿ.

ಸ್ಕೂಟರಿಗೆ ಬದಲಾಯಿಸಲಾ ಅಂದಿದ್ದೆ. ಕೈ ನೋವು ತಪ್ಪುತ್ತದೆ, ಲೆಕ್ಕ ತಪ್ಪುವುದಿಲ್ಲ. ಅದರೊಳಗೂ ಕ್ಲಚ್ ಇದೆ, ಎಂಜಿನ್ ವೇಗ ಏರಿದಾಗ ತಾನೇ ಅಗಲವಾಗಿ ಹಿಡಿಯುತ್ತದೆ ಅಷ್ಟೇ. ಏರಿನಲ್ಲಿ ಬ್ರೇಕ್ ಬಿಟ್ಟು ಎಕ್ಸಿಲರೇಟರಿನ ಮೇಲೇ ನಿಲ್ಲಿಸಿದರೆ ಅದೂ ಸುಡುತ್ತದೆ, ಆಮೇಲೆ ಹೊರಡುವಾಗ ಗಡಗಡ ನಡುಗುತ್ತದೆ.

ಭಾನುವಾರ ಲೂಸ್ ನೋಡಿ ಎಷ್ಟು ಮಿಲಿಮೀಟರ್ ಇತ್ತು ಅಂತ ಬರಿ. ಕೇಬಲ್ ಬದಲಿಸಬೇಕಾಗಿ ಬಂದರೆ ಹಳೆಯದನ್ನು ಅಂಗಡಿಗೆ ತಗೊಂಡು ಹೋಗು, ಒಂದೇ ಹೆಸರಿನ ಬೈಕಿಗೂ ವರ್ಷ ಬದಲಾದರೆ ಉದ್ದ ಬೇರೆ ಇರಬಹುದು.

ಇಂತಿ,
ನಿನ್ನ ಗೆಳೆಯ