ಗೌರವಧನವಲ್ಲ, ವೇತನ ಎನ್ನಿ: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಾರ್ಮಿಕ ಸಚಿವರಿಗೆ ವಂದನೆಗಳು.

ನನ್ನ ತಾಯಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದರು. ಅಳುವ ಕೂಸನ್ನು ಸೊಂಟದ ಮೇಲಿಟ್ಟುಕೊಂಡೇ ಹಾಜರಿ ಬರೆಯುತ್ತಿದ್ದರು. ಸಂಜೆ ಮನೆಯಲ್ಲಿ ಒಂದು ಕಡೆ ಸೊಪ್ಪಿನ ಮೊರ, ಇನ್ನೊಂದು ಕಡೆ ಮಕ್ಕಳ ತೂಕದ ರಿಜಿಸ್ಟರ್. ಎರಡೂ ಮುಗಿಯುವಾಗ ರಾತ್ರಿ ಹತ್ತು. ತಿಂಗಳಿಗೆ ಬರುತ್ತಿದ್ದುದು ಮಾತ್ರ ಸಂಬಳವಲ್ಲ, ಗೌರವಧನ. ‘ಮಕ್ಕಳನ್ನು ನೋಡಿಕೊಳ್ಳುವುದೂ ಒಂದು ಕೆಲಸವಾ?’ ಎಂದು ನೆರೆಯವರು ಅನ್ನುತ್ತಿದ್ದರು. 1975ರಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗಿನಿಂದ ಸರ್ಕಾರ ಹೇಳುತ್ತಿರುವುದೂ ಬಹುಮಟ್ಟಿಗೆ ಅದನ್ನೇ.

2017ರ ಮಾರ್ಚ್‌ನಲ್ಲಿ ಗೌರವಧನ ಹೆಚ್ಚಿಸಬೇಕೆಂದು ಸಾವಿರಾರು ಅಂಗನವಾಡಿ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿ ರಸ್ತೆಯಲ್ಲೇ ರಾತ್ರಿ ಕಳೆದರು. ಅಮ್ಮನೂ ಅಲ್ಲಿದ್ದರು. ಅವರು ಮರಳುವವರೆಗೆ ಅಪ್ಪ ಮೊದಲ ಬಾರಿಗೆ ಒಲೆ ಹಚ್ಚಿದರು. ಮನೆಗೆಲಸವೂ ದುಡಿಮೆಯೇ ಎಂಬ ಮಹಿಳಾ ಚಳವಳಿಯ ಮಾತು ನಮ್ಮ ಅಡುಗೆಮನೆಗೆ ಬಂದದ್ದು ಹೀಗೆ, ಕಾರ್ಮಿಕ ಸಂಘದ ಕೆಂಬಾವುಟದ ಜೊತೆಗೆ.

ಇನ್ನೊಂದು ಸಂಗತಿಯನ್ನೂ ತಾವು ಗಮನಿಸಬೇಕು. ರಾಜಸ್ಥಾನದ ಭಂವರಿ ದೇವಿ ಸರ್ಕಾರಿ ಯೋಜನೆಯೊಂದರ ಗ್ರಾಮಮಟ್ಟದ ಕಾರ್ಯಕರ್ತೆ. ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆ ಬಳಿಕ ಮಹಿಳಾ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯಲು ಸುಪ್ರೀಂ ಕೋರ್ಟಿನ 1997ರ ವಿಶಾಖಾ ಮಾರ್ಗಸೂಚಿ ಬಂತು, 2013ರಲ್ಲಿ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂತು. ಆ ಕಾಯ್ದೆಯ ಪ್ರಕಾರ ಸಂಭಾವನೆ ಇಲ್ಲದೆ, ಸ್ವಯಂಸೇವೆಯಾಗಿ ದುಡಿಯುವವಳೂ ಉದ್ಯೋಗಿಯೇ. ಕಿರುಕುಳವಾದರೆ ಉದ್ಯೋಗಿ, ಕೂಲಿ ಕೇಳಿದರೆ ಸ್ವಯಂಸೇವಕಿ! ಇದು ಯಾವ ನ್ಯಾಯ?

ಅಂಗನವಾಡಿಯಂಥ ಸರ್ಕಾರಿ ಯೋಜನೆಗಳ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ವೇತನ ನೀಡಬೇಕೆಂದು ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಸೇರುವ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ 2013ರಲ್ಲೇ ಶಿಫಾರಸು ಮಾಡಿದೆ. ಅಂಗನವಾಡಿ ನೌಕರರದು ಅರೆಕಾಲಿಕ ಕೆಲಸವೆಂಬ ವಾದವನ್ನು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತಳ್ಳಿಹಾಕಿ, ಗ್ರಾಚ್ಯುಟಿಯ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟಿನ, ಹಕ್ಕನ್ನು ಎತ್ತಿಹಿಡಿದಿದೆ.

ಈ ಕಡತ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು ಎಂದು ದಯವಿಟ್ಟು ಪಕ್ಕಕ್ಕಿಡಬೇಡಿ. ಹೆಣ್ಣುಮಕ್ಕಳ ದುಡಿಮೆ ಕಾರ್ಮಿಕ ಇಲಾಖೆಯ ಬಾಗಿಲು ದಾಟದೆ ಉಳಿದಿರುವುದೇ ನಮ್ಮ ದೂರು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರನ್ನೂ ಸಂಘದ ಪ್ರತಿನಿಧಿಗಳನ್ನೂ ಒಂದೇ ಮೇಜಿನ ಮುಂದೆ ಕೂರಿಸಿ ಮಾತನಾಡಿ. 2013ರ ಶಿಫಾರಸನ್ನು ಜಾರಿಗೊಳಿಸುವಂತೆ ಕೇಂದ್ರಕ್ಕೆ ಬರೆಯಿರಿ. ಅಲ್ಲಿಂದ ಉತ್ತರ ಬರುವವರೆಗೂ ಕಾಯದೆ, ರಾಜ್ಯ ತನ್ನ ಬೊಕ್ಕಸದಿಂದ ಸೇರಿಸಿ ಕೊಡುವ ಹಣವನ್ನಾದರೂ ವೇತನವೆಂದು ಆದೇಶದಲ್ಲಿ ಬರೆಯಿರಿ.

ಇಂತಿ,
ಅಂಗನವಾಡಿ ಕಾರ್ಯಕರ್ತೆಯೊಬ್ಬರ ಮಗಳು