ಬಾಯಲ್ಲಿ ತಾಳ ನುಡಿಸುವ ಪುಟ್ಟನಿಗೆ

ಮೈಸೂರು

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾನೂ ನಿನ್ನ ಅತ್ತೆಯೂ ಕ್ಷೇಮ. ಹಬ್ಬಕ್ಕೆ ಬಂದಾಗ ಎಲೆ ಮುಂದೆ ಕೂತು ನೀನು ಆಡಿದ ಮಾತು ಮನಸ್ಸಿನಿಂದ ಹೋಗಿಲ್ಲ. "ಚಪ್ಪಾಳೆಯೆಲ್ಲ ರ‍್ಯಾಪ್ ಹಾಡೋನಿಗೆ. ಹಿಂದೆ ನಿಂತು ಬಾಯಲ್ಲೇ ತಾಳ ಹಿಡಿದು ಬೀಟ್‌ಬಾಕ್ಸ್ ಮಾಡೋ ನನ್ನ ಹೆಸರು ಯಾರಿಗೂ ಬೇಡ. ಗುಂಪು ಬಿಟ್ಟುಬಿಡ್ತೀನಿ ಮಾವ" ಅಂದೆ. ಆಗ ನಾನು ಏನೂ ಹೇಳಲಿಲ್ಲ. ನೀನು ನನ್ನ ಫೋನಿಗೆ ಹಾಕಿಕೊಟ್ಟಿದ್ದ ಡಗ್ ಇ. ಫ್ರೆಶ್ ಅವರ ಹಾಡುಗಳನ್ನು ಕೇಳದೆ ಬುದ್ಧಿ ಹೇಳುವುದು ಸರಿಯಲ್ಲ ಅನ್ನಿಸಿತು. ಒಂದು ವಾರ ಕೇಳಿದೆ. ಅವರ ವಿಷಯ ಹುಡುಕಿ ಓದಿದೆ.

ಡಗ್ ಇ. ಫ್ರೆಶ್ ಅವರ ನಿಜವಾದ ಹೆಸರು ಡಗ್ಲಸ್ ಡೇವಿಸ್. 1966ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬೆಳೆದವರು. ಆಗಿನ ಹಿಪ್‌ಹಾಪ್ ಹುಡುಗರ ಕಣ್ಣೆಲ್ಲ ತಾನಾಗಿ ತಾಳ ನುಡಿಸುವ ಡ್ರಮ್ ಮಷೀನಿನ ಮೇಲೆ. 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808ಕ್ಕೆ ಸಾವಿರ ಡಾಲರಿಗೂ ಮಿಕ್ಕಿದ ಬೆಲೆ. ಅಂಥ ಪೆಟ್ಟಿಗೆಗೇ ಅವರು 'ಬೀಟ್‌ಬಾಕ್ಸ್' ಅನ್ನುತ್ತಿದ್ದದ್ದು. ಪೆಟ್ಟಿಗೆಯ ಕೆಲಸವನ್ನು ತುಟಿ, ನಾಲಿಗೆ, ಗಂಟಲುಗಳಿಂದ ಮಾಡಿದವರಿಗೆ 'ಹ್ಯೂಮನ್ ಬೀಟ್‌ಬಾಕ್ಸ್' ಎಂಬ ಹೆಸರು ಬಂತು.

ನನ್ನ ಗುರುಗಳು ಮೃದಂಗ ಮುಟ್ಟಿಸುವ ಮೊದಲು ತಿಂಗಳುಗಟ್ಟಲೆ 'ತಕಧಿಮಿ ತಕಝಣು' ಹೇಳಿಸಿದ್ದರು. ಬಾಯಿಗೆ ಬಾರದ್ದು ಕೈಗೆ ಬಾರದು ಅನ್ನುತ್ತಿದ್ದರು. ಹೀಗೆ ಬಾಯಲ್ಲಿ ಸೊಲ್ಲು ಹೇಳುವ ಕಲೆಯೇ ಕೊನ್ನಕ್ಕೋಲು. ಹಾಗಾಗಿ ನಿನ್ನ ವಿದ್ಯೆ ಅದರ ತಮ್ಮನೇ ಇರಬೇಕು ಅಂದುಕೊಂಡಿದ್ದೆ. ಅಲ್ಲ ಕಣೋ. ನಮ್ಮ ಸೊಲ್ಲು ಪೆಟ್ಟಿನ ಹೆಸರನ್ನು ಹೇಳುತ್ತದೆ. ನೀವು ಪೆಟ್ಟಿನ ನಾದವನ್ನೇ ಬಾಯಲ್ಲಿ ಹುಟ್ಟಿಸುತ್ತೀರಿ. ಡಗ್ ಅವರು ತಾಳದ ನಡುವೆ ನಾಲಿಗೆಯಿಂದ ಚಟಚಟ ಅಂತ ಸದ್ದು ಹೊರಡಿಸುತ್ತಾರಲ್ಲ, ಅದನ್ನು ಕೇಳಿ ನಾನು ಕನ್ನಡಕ ತೆಗೆದಿಟ್ಟು ಕಣ್ಣುಮುಚ್ಚಿ ಕೂತೆ.

ನಿನಗೆ ಹೇಳಬೇಕಾದ್ದು ಇರುವುದು 1985ರಲ್ಲಿ ಬಂದ ಡಗ್ ಅವರ ಒಂದು ಗ್ರಾಮಫೋನ್ ತಟ್ಟೆಯಲ್ಲಿ. ಅದರ ಒಂದು ಬದಿಯಲ್ಲಿ 'ದ ಶೋ'. ಚಿಲ್ ವಿಲ್, ಬ್ಯಾರಿ ಬೀ ಇಬ್ಬರ ಡಿಜೆ ಕೈಚಳಕ, 'ಇನ್‌ಸ್ಪೆಕ್ಟರ್ ಗ್ಯಾಜೆಟ್' ಕಾರ್ಟೂನಿನ ರಾಗ, ಎಲ್ಲ ಸೇರಿದ ಜಾತ್ರೆ. ಇನ್ನೊಂದು ಬದಿಯಲ್ಲಿ 'ಲಾ ಡಿ ಡಾ ಡಿ'. ಅದರಲ್ಲಿ ಒಂದು ವಾದ್ಯವೂ ಇಲ್ಲ. ಲಂಡನ್ನಿನಲ್ಲಿ ಜಮೈಕಾ ಮೂಲದವರಿಗೆ ಹುಟ್ಟಿದ ಸ್ಲಿಕ್ ರಿಕ್ ಎಂಬ ಹುಡುಗ ಕಥೆ ಹೇಳುತ್ತಾನೆ, ಇನ್ನೂ ಇಪ್ಪತ್ತು ತುಂಬದ ಡಗ್ ಬಾಯಲ್ಲಿ ತಾಳ ಹಿಡಿಯುತ್ತಾರೆ. ಅಷ್ಟೇ! ಆಗ ಡಗ್ ಹೆಸರು ಮಾಡಿದ್ದವರು, ರಿಕ್ ಹೊಸಬ. ಹಾಗಿದ್ದೂ ಡಗ್ ತನ್ನ ಚಮತ್ಕಾರವನ್ನು ಆ ಹುಡುಗನ ಮಾತಿನ ಮೇಲೆ ಹೇರಲಿಲ್ಲ. ರಿಕ್ ಧ್ವನಿ ಎಳೆದರೂ ತಗ್ಗಿಸಿದರೂ ಕೆಳಗಿನ ನೆಲ ಅಲುಗಾಡುವುದಿಲ್ಲ. 1993ರಲ್ಲಿ ಸ್ನೂಪ್ ಡಾಗ್ ಅದೇ ಹಾಡನ್ನು ಮತ್ತೆ ಹಾಡಿದರು. ಅದರ ತುಣುಕುಗಳನ್ನು ಎತ್ತಿಕೊಂಡ ಹಾಡುಗಳಂತೂ ನೂರಾರು. ನಿನ್ನ ವಿದ್ಯೆಗೆ ಇದಕ್ಕಿಂತ ದೊಡ್ಡ ಕಚೇರಿ ನನಗೆ ಕಾಣುವುದಿಲ್ಲ. ಅದು ಪಕ್ಕವಾದ್ಯದ ಕಚೇರಿ.

ನಾನು ನಿನ್ನ ವಯಸ್ಸಿನಲ್ಲಿ ಇದಕ್ಕೆ ತಿರುಗಾಮುರುಗಾ ಮಾಡಿದವನು. ಒಂದು ರಾಮನವಮಿ ಕಚೇರಿಯಲ್ಲಿ ಗಾಯಕಿ ನೆರವಲ್ ಮಾಡುತ್ತಿದ್ದರು. ಕೃತಿಯ ಒಂದೇ ಸಾಲನ್ನು ಬೇರೆ ಬೇರೆ ಬಗೆಯಲ್ಲಿ ಹಾಡುತ್ತಾ ಮೆಲ್ಲಗೆ ಬಿಚ್ಚುವ ಹೊತ್ತು ಅದು. ಮುಂದಿನ ಸಾಲಿನಲ್ಲಿ ಹಿರಿಯ ವಿದ್ವಾಂಸರು ಕೂತಿದ್ದಾರೆಂದು ನಾನು ಕಲಿತ ನಡೆಗಳನ್ನೆಲ್ಲ ಅಲ್ಲೇ ಸುರಿದೆ. ಆಕೆ ಮೂರು ಸಲ ನನ್ನ ಕಡೆ ತಿರುಗಿದರು, ಆಮೇಲೆ ನೆರವಲ್ ಅರ್ಧಕ್ಕೇ ನಿಲ್ಲಿಸಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಆ ಸಾಲು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಗದಂತೆ ತಡೆದವನು ನಾನು. ಇವತ್ತಿಗೂ ಆ ರಾಗ ಕೇಳಿದರೆ ಎದೆ ಹಿಂಡುತ್ತದೆ.

ಹಾಗಂತ ನೀನು ಸದಾ ಹಿಂದೆಯೇ ನಿಲ್ಲಬೇಕೆಂದಲ್ಲ. ರಿಕ್ ಬೇಗನೆ ಡಗ್ ಅವರ ಗುಂಪು ಬಿಟ್ಟು ತಮ್ಮ ದಾರಿ ಹಿಡಿದರು, 1988ರಲ್ಲಿ ಅವರದೇ ಆಲ್ಬಂ ಬಂತು. ಅದೇ ವರ್ಷ ಡಗ್ ಅವರದೂ ಬಂತು. ನಮ್ಮಲ್ಲಿ ಗಾಯಕರು ಸುಮ್ಮನಾಗಿ ತಾಳವಾದ್ಯದವರೇ ನುಡಿಸುವ ತನಿ ಆವರ್ತನ ಇದ್ದೇ ಇದೆಯಲ್ಲ. ನಿಮ್ಮ ಕಾರ್ಯಕ್ರಮದಲ್ಲೂ ನಿನಗೆ ಐದು ನಿಮಿಷ ಬಿಡಿ ಎಂದು ಗೆಳೆಯರನ್ನು ಬಾಯಿಬಿಟ್ಟು ಕೇಳು. ಮುನಿಸಿಕೊಂಡು ಎದ್ದುಬರಬೇಡ.

ಇನ್ನೊಂದು ಮಾತು. ಸ್ವಲ್ಪ ಕಹಿ. ಬ್ರೂಕ್ಲಿನ್‌ನ ಡ್ಯಾರೆನ್ ರಾಬಿನ್ಸನ್ ಡಗ್ ಅವರ ಸಮಕಾಲೀನ, ಫ್ಯಾಟ್ ಬಾಯ್ಸ್ ಗುಂಪಿನ ಬೀಟ್‌ಬಾಕ್ಸ್ ಕಲಾವಿದ. ಉಸಿರನ್ನೇ ತಾಳ ಮಾಡಿದವನು. ಅವರ ದಪ್ಪ ಮೈಯೇ ಗುಂಪಿನ ಹೆಸರಾಯಿತು, ಹಾಡಾಯಿತು, ಸಿನಿಮಾ ಆಯಿತು. 1995ರ ಡಿಸೆಂಬರಿನಲ್ಲಿ ಹೃದಯ ನಿಂತು ತೀರಿಕೊಂಡಾಗ ಡ್ಯಾರೆನ್‌ಗೆ ಬರೀ 28 ವರ್ಷ. ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಡಗ್ ಅವರು ಮುಂದೆ ಒಲಾಜಿಡೆ ವಿಲಿಯಮ್ಸ್ ಎಂಬ ನರರೋಗ ವೈದ್ಯರ ಜೊತೆ ಸೇರಿ ಹಾರ್ಲೆಮ್‌ನ ಶಾಲೆಮಕ್ಕಳಿಗೆ ಪಾರ್ಶ್ವವಾಯುವಿನ ಲಕ್ಷಣ ಗುರುತಿಸುವುದನ್ನು ಹಿಪ್‌ಹಾಪ್‌ನಲ್ಲೇ ಕಲಿಸಿದರು. ಮನೆಯಲ್ಲಿ ಅಜ್ಜಿಯ ಬಾಯಿ ಓರೆಯಾದರೆ ಮಗುವೇ ಫೋನ್ ಮಾಡಬೇಕು ಅಂತ. ಬಾಯಿಂದ ಬದುಕು ಕಟ್ಟಿಕೊಂಡವರು ಆ ಬಾಯನ್ನು ಬಳಸಿದ ರೀತಿ ನೋಡು.

ನಮ್ಮ ಮೃದಂಗದ ಚರ್ಮ ಹರಿದರೆ ಹೊಸದು ಮುಚ್ಚಿಸಬಹುದು. ನಿನ್ನ ವಾದ್ಯಕ್ಕೆ ರಿಪೇರಿ ಮಾಡುವ ಅಂಗಡಿ ಇಲ್ಲ. ನೀನು ಬಂದಾಗ ಒಣಕೆಮ್ಮು ಕೆಮ್ಮುತ್ತಿದ್ದೆ, ರಾತ್ರಿ ಎರಡಾದರೂ ಮಲಗುತ್ತಿರಲಿಲ್ಲ. ಅಂಗಿಯಲ್ಲಿ ಸಿಗರೇಟಿನ ವಾಸನೆಯನ್ನು ನಿನ್ನ ಅತ್ತೆ ಗುರುತಿಸಿದಳು, ನಿಮ್ಮಮ್ಮನಿಗೆ ಹೇಳಿಲ್ಲ. ಬಿಡು ಕಂದಾ, ಇವತ್ತೇ ಬಿಡು. ಗಂಟಲಿನ ಡಾಕ್ಟರಿಗೆ ಒಮ್ಮೆ ತೋರಿಸು. ದುಡ್ಡು ನಾನು ಕಳಿಸುತ್ತೇನೆ.

ಸಂಕ್ರಾಂತಿಗೆ ಬರುವಾಗ ಆ ರ‍್ಯಾಪ್ ಹಾಡುವ ಹುಡುಗನನ್ನೂ ಕರೆದುಕೊಂಡು ಬಾ. ಮೈಕು ತರಬೇಡಿ. ಜಗಲಿಯ ಮೇಲೆ ಕೂತು ಅವನು ಹೇಳಲಿ, ನೀನು ಬಾಯಲ್ಲಿ ಹಿಡಿ, ನಾನು ತೊಡೆಯ ಮೇಲೆ ತಾಳ ಹಾಕುತ್ತೇನೆ.

ಇಂತಿ ನಿನ್ನ ಪ್ರೀತಿಯ
ಮಾವ